ಸವಾ ಲಾಖಿನ ಕಿವಿ

ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಎದುರು, ಹುಮನಾಬಾದಿಗೆ ಹೋಗುವ ಕ್ರೂಸರ್ ಗಾಡಿಗಳು ನಿಲ್ಲುವ ಜಾಗದಲ್ಲಿ ಝರೆಪ್ಪ ಇಪ್ಪತ್ತೆಂಟು ವರ್ಷ ಕೂಗಿದ. ಕೂಗುವುದೇ ಅವನ ಕೆಲಸ. ಗಾಡಿ ತುಂಬುವ ತನಕ ಕೂಗಬೇಕು, ತುಂಬಿದ ಮೇಲೆ ಡ್ರೈವರ್ ಕೊಟ್ಟಷ್ಟನ್ನು ಇಸಿದುಕೊಂಡು ಮುಂದಿನ ಗಾಡಿಗೆ ಕೂಗಬೇಕು. ‘ಹುಮನಾಬಾದ್’ ಎಂದು ಪೂರ್ತಿ ಅಂದರೆ ಉಸಿರು ದಂಡ ಎಂದು ಅವನು ಅದನ್ನು ಕಡಿದು ‘ಉಮ್ನಾ ಬಾದ್ ಬಾದ್ ಬಾದ್’ ಮಾಡಿಕೊಂಡಿದ್ದ. ಅದಕ್ಕೊಂದು ಬಾಲ: ‘ಎರಡೇ ಸೀಟ್, ಎರಡೇ ಸೀಟ್!’ ಗಾಡಿಯಲ್ಲಿ ಒಂದು ನೊಣವೂ ಕೂತಿರದಿದ್ದರೂ ಎರಡೇ ಸೀಟ್, ಟಾಪಿನ ಮೇಲೆ ಜನ ಹತ್ತಿ ಕೂತಿದ್ದರೂ ಎರಡೇ ಸೀಟ್. ಊರಿಗೆಲ್ಲ ಗೊತ್ತಿದ್ದ ಸುಳ್ಳು ಅದು, ಯಾರಿಗೂ ಅದರ ಮೇಲೆ ಸಿಟ್ಟಿರಲಿಲ್ಲ. ಅವನ ದನಿ ಕೋಟೆಯ ಬಾಗಿಲ ತನಕ ಕೇಳುತ್ತಿತ್ತು ಎಂದು ಹೇಳುವವರಿದ್ದಾರೆ. ಸ್ವಲ್ಪ ಉಬ್ಬಿಸಿದ ಮಾತು, ಆದರೆ ಬಹಳ ಉಬ್ಬಿಸಿದ್ದೇನಲ್ಲ.

ಇಂಥವನ ಗಂಟಲಿಗೇ ಹುಣ್ಣು ಹುಟ್ಟಬೇಕೆ? ಮೈಯಲ್ಲಿ ಬೇರೆ ಜಾಗವೇ ಇರಲಿಲ್ಲವೆ? ಸೊಲ್ಲಾಪುರಕ್ಕೆ ಕರೆದೊಯ್ದು ಆಪರೇಶನ್ ಮಾಡಿಸಿದರು. ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಗಲಿಲ್ಲ. ತೂತುಬಿದ್ದ ತಿದಿಯಿಂದ ಗಾಳಿ ಹೊರಟಂತೆ ಒಂದು ಬುಸುಬುಸು ಉಳಿಯಿತು, ಆ ಬುಸುಬುಸುವಿನಲ್ಲೇ ಎಲ್ಲ ಅಕ್ಷರಗಳೂ ಇದ್ದವು, ಕಿವಿಗೊಟ್ಟವರಿಗೆ ಸಿಗುತ್ತಿದ್ದವು. ಅಲ್ಲಿಯ ಡಾಕ್ಟರರು ಝರೆಪ್ಪನ ಮಗ ರತ್ನದೀಪನನ್ನು ಎದುರಿಗೆ ಕೂರಿಸಿಕೊಂಡು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಉಳಿದದ್ದು ಇಷ್ಟೇ, ದಿನಾಲೂ ಬಳಸಿದರೆ ಇದು ಉಳಿಯುತ್ತದೆ, ನಾಚಿಕೊಂಡು ಬಾಯಿ ಮುಚ್ಚಿ ಕೂತರೆ ಇದೂ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಆ ಮಾತನ್ನು ರತ್ನದೀಪ ಒಂದು ದಿನವೂ ಮರೆತಿರಲಿಲ್ಲ. ಮರೆಯದೆಯೂ ಮನುಷ್ಯ ತಪ್ಪು ಮಾಡಬಲ್ಲ.

ರತ್ನದೀಪನಿಗೆ ಹುಮನಾಬಾದಿನ ಒಂದು ದೊಡ್ಡ ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಲ್ಲೇ ಒಂದು ಖೋಲಿ ಹಿಡಿದಿದ್ದ. ಅಪ್ಪ ಮಾತು ಬಿಡಬಾರದೆಂದು ಅವನೊಂದು ನೇಮ ಮಾಡಿದ. ದಿನಾ ನಾಲ್ಕು ಗಂಟೆಗೆ ಝರೆಪ್ಪ ಸ್ಟ್ಯಾಂಡಿನ ಎದುರಿನ ನಸೀರನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ತನ್ನ ಗುಂಡಿ ಒತ್ತುವ ಹಳೇ ಫೋನಿನಿಂದ ಮಗನಿಗೆ ಫೋನ್ ಹಚ್ಚಬೇಕು. ಫೋನ್ ಎತ್ತಿದ ಕೂಡಲೇ ಆ ಕಡೆಯಿಂದ ಮೊದಲು ಸ್ಟ್ಯಾಂಡಿನ ಸಂತೆಯೆಲ್ಲ ಒಳಗೆ ನುಗ್ಗುತ್ತಿತ್ತು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ನಸೀರ್ ಗ್ಲಾಸು ತೊಳೆಯುವ ಸಪ್ಪಳ. ಅದರ ನಡುವಿನಿಂದ ತೆವಳುತ್ತ ಅಪ್ಪನ ಬುಸುಬುಸು ಬರುತ್ತಿತ್ತು: “ಉಮ್ನಾ… ಬಾದ್… ಬಾದ್… ಎರಡೇ ಸೀಟ್…”

“ಒಂದು ನನಗ ಹಿಡೀರಿ,” ಎಂದು ರತ್ನದೀಪ ಪ್ಯಾಸೆಂಜರನಂತೆ ಉತ್ತರ ಕೊಡುತ್ತಿದ್ದ.

ಆಮೇಲೆ ಐದೋ ಹತ್ತೋ ನಿಮಿಷ ಮಾತು. ಯಾವ ಡ್ರೈವರ್ ಯಾರ ಜೊತೆ ಜಗಳಾಡಿದ, ಮಂಠಾಳದ ಗಾಡಿಯವರು ಹೇಗೆ ಲೈನು ಮುರಿದರು, ದ್ರೌಪತಿ ಪಲ್ಯಕ್ಕೆ ಹೇಗೆ ಉಪ್ಪು ಮರೆತಳು. ದ್ರೌಪತಿ ಎಂದರೆ ರತ್ನದೀಪನ ಅವ್ವ. ಒಂದು ವರ್ಷ ಹೀಗೆ ನಡೆಯಿತು, ದನಿ ಉಳಿಯಿತು. ಸ್ವಲ್ಪ ಗಟ್ಟಿಯೂ ಆಗಿತ್ತು ಎಂದು ನಸೀರ್ ಈಗಲೂ ಆಣೆ ಮಾಡಿ ಹೇಳುತ್ತಾನೆ.

ಇನ್ನು ರತ್ನದೀಪನ ಕಸುಬು. ತುಟ್ಟಿ ಫೋನು ಮಾರುವುದರಲ್ಲಿ ಅವನನ್ನು ಮೀರಿಸುವವರು ಆ ಪೇಟೆಯಲ್ಲಿರಲಿಲ್ಲ. ಹಳ್ಳಿಯ ಗೌಡರು ಬಂದು, “ಹದಿನೈದು ಸಾವಿರದ್ದರಾಗೂ ಹಲೋ ಅಂತಾರ, ಇದರಾಗೂ ಹಲೋ ಅಂತಾರ. ಮತ್ತ್ಯಾಕಪ್ಪಾ ಲಾಖ್ ರೂಪಾಯಿ?” ಎಂದು ಕೇಳಿದರೆ ಅವನು ಮೊದಲು ನಗುತ್ತಿದ್ದ. ಆಮೇಲೆ ಈ ಸೀಮೆಯ ಅಂಗಡಿಕಾರರೆಲ್ಲ ಹೇಳುವ ಮಾತು ಹೇಳುತ್ತಿದ್ದ: “ಸಸ್ತಾ ರೋಯೇ ಬಾರ್ ಬಾರ್, ಮೆಹಂಗಾ ರೋಯೇ ಏಕ್ ಬಾರ್. ಸಸ್ತಾ ಕೊಂಡಾಂವ ದಿನಾ ಅಳ್ತಾನ್ರಿ, ತುಟ್ಟೀದು ಕೊಂಡಾಂವ ಒಮ್ಮೆ ಅತ್ತು ಸುಮ್ಮನಾಗ್ತಾನ.” ಅದಾದ ಮೇಲೆ ಅವನ ಮಿಕ್ಸರ್ ಆಟ. ಅಂಗಡಿಯಲ್ಲಿ ಅದಕ್ಕೆಂದೇ ಒಂದು ಹಳೇ ಮಿಕ್ಸರ್ ಇಟ್ಟಿದ್ದ. ಅದನ್ನು ಗರಗರ ತಿರುಗಿಸಿ, ಅದರ ಪಕ್ಕದಲ್ಲೇ ನಿಂತು ತುಟ್ಟಿ ಫೋನಿನಲ್ಲಿ ಮಾತಾಡುತ್ತಿದ್ದ, ಗಿರಾಕಿ ರಸ್ತೆಯಾಚೆ ನಿಂತು ತನ್ನ ಫೋನಿನಲ್ಲಿ ಕೇಳಬೇಕು. ಮಿಕ್ಸರಿನ ಸದ್ದೇ ಇಲ್ಲ, ರತ್ನದೀಪನ ಮಾತು ಮಾತ್ರ! “ಗದ್ದಲ ಯಾವುದು, ಮನಷ್ಯಾನ ಮಾತು ಯಾವುದು, ಇದಕ್ಕ ತಿಳೀತದ್ರಿ. ಬ್ಯಾಡಾದ್ದು ತಗದ್ ಒಗೀತದ,” ಎನ್ನುತ್ತಿದ್ದ. ಗೌಡರು ಬಾಯಿ ತೆರೆದುಕೊಂಡು ಕೇಳಿ, ಬಿಲ್ಲು ಮಾಡಿಸುತ್ತಿದ್ದರು. ಅವನು ಬರೀ ಗಿರಾಕಿಗಾಗಿ ಹೀಗೆ ಹೇಳುತ್ತಿದ್ದ ಎಂದುಕೊಳ್ಳಬೇಡಿ. ಅವನಿಗೆ ಅದರಲ್ಲಿ ಖರೇ ನಂಬಿಕೆಯಿತ್ತು.

ಹೋದ ದೀಪಾವಳಿಯಲ್ಲಿ ಸುತ್ತಲಿನ ಅಂಗಡಿಗಳಲ್ಲೆಲ್ಲ ಹೆಚ್ಚು ತುಟ್ಟಿ ಫೋನು ಮಾರಿದವನು ಇವನೇ ಎಂದು, ಅಂಥದೇ ಒಂದು ಫೋನನ್ನು ಇವನಿಗೆ ಬಹುಮಾನ ಕೊಟ್ಟರು. ಸವಾ ಲಾಖ್, ಅಂದರೆ ಒಂದೂಕಾಲು ಲಕ್ಷ ರೂಪಾಯಿಯ ಮಾಲು. ರತ್ನದೀಪ ಅದನ್ನು ಡಬ್ಬಿ ಸಮೇತ ಊರಿಗೆ ಒಯ್ದು ಅಪ್ಪನ ಕೈಯಲ್ಲಿಟ್ಟ.

ದ್ರೌಪತಿ ಡಬ್ಬಿಯನ್ನು ಮುಟ್ಟಲೂ ಇಲ್ಲ. “ಮಾರಿಬಿಡೋ ದೀಪ್ಯಾ. ಮಳಿಗಾಲದಾಗ ಮಾಳಗಿ ಸೋರತದ. ತಗಡಿನ ಪತ್ರಾ ಹಾಕಸೋಣು,” ಎಂದಳು.

“ಅವ್ವಾ, ಪತ್ರಾ ನಾಳೆ ಹಾಕಸಬಹುದು. ಅಪ್ಪನ ದನಿ ನಾಳೆ ಬರ್ತದೇನು? ಈ ಗುಂಡಿ ಫೋನಿನ್ಯಾಗ ಗಾಡಿ ಸಪ್ಪಳದಾಗ ಅರ್ಧ ಮಾತು ಮುಳಗಿ ಹೋಗಾಕತ್ತದ. ಇದರಾಗ ಅಪ್ಪಂದು ಅಷ್ಟೇ ಕೇಳ್ತದ, ಬ್ಯಾರೆ ಏನೂ ಕೇಳಂಗಿಲ್ಲ.”

ಝರೆಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಕರಿಗಾಜಿನಲ್ಲಿ ತನ್ನ ಮುಖ ನೋಡಿದ. “ಸವಾ ಲಾಖ್… ನನ್ನ ಈ ಬುಸುಬುಸು ಕೇಳಾಕ?” ಎಂದು ನಕ್ಕ. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು. ಇಪ್ಪತ್ತೆಂಟು ವರ್ಷ ಕೂಗಿದರೂ ತನ್ನ ದನಿಗೆ ಇಷ್ಟು ಬೆಲೆ ಯಾರೂ ಕಟ್ಟಿರಲಿಲ್ಲ. ರತ್ನದೀಪ ಸಿಮ್ಮು ತೆಗೆದು ಹೊಸದಕ್ಕೆ ಹಾಕಿ, ಹಸಿರು ಗುರುತು ಹೇಗೆ ಒತ್ತಬೇಕೆಂದು ಹತ್ತು ಸಲ ಕಲಿಸಿ, ಹಳೇ ಫೋನನ್ನು ಜೇಬಿಗೆ ಹಾಕಿಕೊಂಡು ಹೋದ. ಅದು ಅಂಗಡಿಯ ಗುಜರಿ ಡಬ್ಬಿ ಸೇರಿತು.

ಮರುದಿನ ನಾಲ್ಕಕ್ಕೆ ಫೋನು ಬಂತು. ರತ್ನದೀಪ ಎತ್ತಿದ. ಹಾರ್ನಿಲ್ಲ, ಸೀಟಿಯಿಲ್ಲ, ಗ್ಲಾಸಿನ ಸಪ್ಪಳವಿಲ್ಲ. ವಾಹ್, ಇದಪ್ಪಾ ಫೋನು ಎಂದುಕೊಂಡ. ಆಮೇಲೆ ಅಪ್ಪನೂ ಇಲ್ಲ ಎಂಬುದು ಹೊಳೆಯಿತು.

“ಅಪ್ಪಾ? ಮಾತಾಡು. ಕೇಳವಲ್ದು.”

ಏನೂ ಇಲ್ಲ. ಪಾಳು ಬಾವಿಯಲ್ಲಿ ತಲೆ ಹಾಕಿ ನಿಂತಂತೆ.

ಮೊದಲ ವಾರ ಅಪ್ಪನಿಗೆ ಫೋನು ಹಿಡಿಯಲು ಬರುತ್ತಿಲ್ಲ ಎಂದುಕೊಂಡ. ಬೆರಳು ಎಲ್ಲೋ ತಾಗುತ್ತಿದೆ, ಬಾಯಿ ಎಲ್ಲೋ ಇದೆ. “ತೆಳಗಿನ ತುದಿ ಬಾಯಿ ಹತ್ರ ಹಿಡಿ ಅಂತ ಎಷ್ಟು ಸಲ ಹೇಳಲಿ?” ಎಂದು ಗಿರಾಕಿಗಳ ಎದುರೇ ರೇಗಿದ. ಆ ಕಡೆಯಿಂದ ಉತ್ತರ ಬರಲಿಲ್ಲ. ಬರುವುದು ಹೇಗೆ? ಒಂದು ಸಂಜೆ ಅವ್ವನ ಕೈಗೆ ಫೋನು ಕೊಡಿಸಿ ಪರೀಕ್ಷೆ ಮಾಡಿದ. ದ್ರೌಪತಿಯ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ವಚ್ಛ. ಅವಳು ಉಸಿರು ಎಳೆದುಕೊಂಡದ್ದೂ ಕೇಳಿತು.

“ಈಗ ಅಪ್ಪನ ಬಾಯಿ ಹತ್ರ ನೀನೇ ಹಿಡಿ ಅವ್ವಾ.”

ಹಿಡಿದಳು. ಮತ್ತೆ ಅದೇ ಪಾಳು ಬಾವಿ.

“ಮಾತಾಡಾಕತ್ತಾನೇನು?”

“ಮಾತಾಡಾಕತ್ತಾನಪ್ಪಾ! ಉಮ್ನಾಬಾದ್ ಅನ್ನಾಕತ್ತಾನ. ನನಗ ಕೇಳ್ತದಲ್ಲ.”

ರತ್ನದೀಪ ತಾಳೆ ಹಾಕಿದ. ಫೋನಿನಲ್ಲಿ ದೋಷವಿಲ್ಲ, ಅವ್ವನ ದನಿ ಬರುತ್ತಿದೆಯಲ್ಲ. ಹಾಗಾದರೆ ಅಪ್ಪನ ದನಿಯೇ ಇಂಗಿಹೋಗಿದೆ. “ನೀ ಬಾಯಿ ನೋಡಿ ತಿಳ್ಕೊಳ್ಳಾಕತ್ತಿ ಅವ್ವಾ,” ಎಂದ. “ಮೂವತ್ತು ವರ್ಷ ಆತು, ತುಟಿ ಅಲಗಿದ್ರ ಸಾಕು ನಿನಗ ಗೊತ್ತಾಗ್ತದ. ದನಿ ಇಲ್ಲ ಅವ್ವಾ. ಇದ್ದಿದ್ರ ಈ ಫೋನ್ ಬಿಡ್ತಿದ್ದಿಲ್ಲ.”

ಕೆಟ್ಟ ಗಳಿಗೆ ಎಂದರೆ ಅದು. ಸ್ಪೀಕರ್ ಹಚ್ಚಿದ್ದ ಫೋನು ಇನ್ನೂ ಅಪ್ಪನ ಬಾಯಿಯ ಹತ್ತಿರವೇ ಇತ್ತು. ಮಗ ಹೇಳಿದ್ದನ್ನು ಅವನು ಅಕ್ಷರ ಬಿಡದೆ ಕೇಳಿಸಿಕೊಂಡ.

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಈ ಹುಡುಗನಿಗೆ ಹೆಸರಿಡುವಾಗ ಯಾರೂ ನೆನಪಿಸಿಕೊಂಡಿರಲಿಲ್ಲ. ದಿನಕ್ಕೆ ಹತ್ತು ಸಲ ಮಿಕ್ಸರ್ ತಿರುಗಿಸಿ, ಬೇಡಾದ್ದು ತೆಗೆದೊಗೆಯುತ್ತದೆ ಎಂದು ಬಾಯಿಪಾಠ ಒಪ್ಪಿಸುವವನಿಗೆ, ಅದು ಏನನ್ನು ಬೇಡವೆಂದುಕೊಂಡಿದೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಅಗ್ಗದ ಫೋನಾಗಿದ್ದರೆ ಮೊದಲ ದಿನವೇ ಫೋನನ್ನು ಬೈಯುತ್ತಿದ್ದ. ಸವಾ ಲಾಖಿನ ಫೋನನ್ನು ಬೈಯಲು ಅವನಿಗೆ ನಾಲಿಗೆ ಏಳಲಿಲ್ಲ.

ಊರಿಗೆ ಹೋಗಿ ಕಣ್ಣಾರೆ ನೋಡಬಹುದಿತ್ತು. ರಾಜೇಶ್ವರ ದಾಟಿ, ಬಂಗಲಾ ಕ್ರಾಸ್ ದಾಟಿದರೆ ಬಸವಕಲ್ಯಾಣ, ಒಂದು ತಾಸಿನ ಹಾದಿ. ಮದುವೆ ಸೀಸನ್, ರಜೆ ಇಲ್ಲ ಎಂದುಕೊಂಡ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ಅವನಿಗೆ ಹೆದರಿಕೆ. ಅಪ್ಪ ಎದುರಿಗೆ ಕೂತು ಬಾಯಿ ಆಡಿಸಬೇಕು, ಏನೂ ಹೊರಡಬಾರದು, ಅದನ್ನು ತಾನು ನೋಡಬೇಕು. ಸೀಸನ್ ಮುಗಿಯಲಿ, ಸೊಲ್ಲಾಪುರಕ್ಕೆ ಕರೆದೊಯ್ದರಾಯಿತು ಎಂದು ದಿನ ದೂಡಿದ. ಅವ್ವನಿಗೆ ಮಾತ್ರ ಹೇಳಿದ, “ಅಪ್ಪಗ ತ್ರಾಸ ಕೊಡಬ್ಯಾಡ. ಮಾತಾಡು ಅಂತ ಗಂಟು ಬೀಳಬ್ಯಾಡ. ನಾಲ್ಕಕ್ಕ ಫೋನಿನ್ಯಾಗ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಸಲಿ, ಆರಾಮ ಇದ್ದಾನ ಅಂತ ತಿಳ್ಕೋತೀನಿ.”

ಓಣಿಯ ಯಾರೋ ಝರೆಪ್ಪನಿಗೆ ಅದನ್ನು ಕಲಿಸಿಕೊಟ್ಟರು. ದಿನಾ ನಾಲ್ಕು ಗಂಟೆಗೆ ರತ್ನದೀಪನ ಫೋನು ಒಮ್ಮೆ ನಡುಗುತ್ತಿತ್ತು, ಹಳದಿ ಬಣ್ಣದ ಒಂದು ಹೆಬ್ಬೆಟ್ಟು ಬಂದು ನಿಲ್ಲುತ್ತಿತ್ತು. ಸಾಲೆಯ ಮುಖ ಕಾಣದ ಝರೆಪ್ಪ ಜೀವನವೆಲ್ಲ ಕಾಗದಗಳ ಮೇಲೆ ಹೆಬ್ಬೆಟ್ಟು ಒತ್ತಿದವನು. ಈಗ ಗಾಜಿನ ಮೇಲೂ ಅದನ್ನೇ ಒತ್ತಿದ. ಅಷ್ಟು ದೊಡ್ಡ ಫೋನಿನಿಂದ ಅವನಿಗೆ ಆದ ಉಪಯೋಗ ಅದೊಂದೇ.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ವಿದ್ಯಾವತಿ ಟೀಚರ್ ಅಂಗಡಿಗೆ ಬಂದರು. ದೀಪಾವಳಿಯಲ್ಲಿ ರತ್ನದೀಪನ ಹತ್ತಿರವೇ ಅಂಥ ಫೋನು ಕೊಂಡವರು. ಬಂದವರೇ ಅದನ್ನು ಕೌಂಟರಿನ ಮೇಲೆ ಟಪ್ಪನೆ ಇಟ್ಟರು.

“ಏನ್ ಫೋನ್ ಕೊಟ್ಟೀಯೋ ತಮ್ಮಾ! ಸೋಮವಾರ ನಮ್ಮನ್ಯಾಗ ಭಜನಿ ಇರ್ತದ. ನಮ್ಮಕ್ಕ ಕೊಹಿನೂರ ಊರಾಗ ಹಾಸಿಗಿ ಹಿಡದಾಳ. ಫೋನಿನ್ಯಾಗ ಕೇಳಸಾಕತ್ರ, ಏಕತಾರಿ ಸಪ್ಪಳಾನೇ ಬರವಲ್ದು ಅಂತಾಳ. ನಮ್ಮ ಬಾಯಿ ಅಷ್ಟೇ ಕೇಳ್ತದಂತ. ಏಕತಾರಿ ಇಲ್ಲದ ಭಜನಿ ಆಗ್ತದೇನು?”

ರತ್ನದೀಪ ನಕ್ಕ. ಹತ್ತು ಸಾವಿರ ಸಲ ಹೇಳಿದ ಮಾತು ತಾನಾಗಿಯೇ ಬಾಯಿಗೆ ಬಂತು. “ಫೋನ್ ಕೆಟ್ಟಿಲ್ರಿ ಟೀಚರ್. ಇದಕ್ಕ ಮನಷ್ಯಾರ ದನಿ ಅಂದ್ರ ಹಿಂಗಿರ್ತದ ಅಂತ ಕಲಸಿರ್ತಾರ. ಹಂಗ ಇಲ್ಲದ್ದೆಲ್ಲಾ ಗದ್ದಲ ಅಂತ ತಿಳ್ಕೊಂಡು ತಗದ್…”

“ಏಕತಾರಿ ಗದ್ದಲ ಏನೋ?” ಎಂದರು ಟೀಚರ್.

ರತ್ನದೀಪನ ಬಾಯಿ ಅರ್ಧ ತೆರೆದೇ ಇತ್ತು. ಹಂಗ ಇಲ್ಲದ್ದೆಲ್ಲಾ ಗದ್ದಲ. ಅಪ್ಪನ ದನಿ ಹಂಗ ಇಲ್ಲ. ತಿದಿಯ ಗಾಳಿ, ಬುಸುಬುಸು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ಗ್ಲಾಸಿನ ಸಪ್ಪಳ, ಅದರ ಜೊತೆಗೆ ಅಪ್ಪ. ಎಲ್ಲವನ್ನೂ ಒಟ್ಟಿಗೆ ಗುಡಿಸಿ ಒಗೆದಿತ್ತು. ಕೌಂಟರಿನ ಮೇಲಿನ ಫೋನಿನ ಸೆಟ್ಟಿಂಗು ತೆರೆದು ಗದ್ದಲ ತೆಗೆಯುವ ಆ ಒಂದು ಗುಂಡಿ ಬಂದ್ ಮಾಡಲು ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಟೀಚರಿಗೆ ಅದನ್ನು ಕೊಟ್ಟು, ಮಾಲೀಕನಿಗೆ ಹೇಳಿದನೋ ಇಲ್ಲವೋ, ಕ್ರೂಸರ್ ಹತ್ತಿದ.

ಹಾದಿಯುದ್ದಕ್ಕೂ ಲೆಕ್ಕ ಹಾಕಿದ್ದು ದಿನಗಳನ್ನು. ಎಂಬತ್ತಕ್ಕೆ ಹತ್ತಿರ. ದಿನಾಲೂ ಬಳಸಿದರೆ ಉಳಿಯುತ್ತದೆ ಎಂದು ಡಾಕ್ಟರರು ಹೇಳಿದ್ದರು. ಅಪ್ಪ ಸುಮ್ಮನಿರಲಿ ಎಂದು ತಾನೇ ಹೇಳಿದ್ದ. ಆದರೂ ಮನೆಯಲ್ಲಿ ಅವ್ವನ ಜೊತೆ ಮಾತಾಡಿರುತ್ತಾನೆ, ನಸೀರನ ಜೊತೆ ಮಾತಾಡಿರುತ್ತಾನೆ, ಝರೆಪ್ಪ ಸುಮ್ಮನಿರುವ ಜಾತಿಯೇ ಅಲ್ಲ ಎಂದು ಧೈರ್ಯ ಹೇಳಿಕೊಂಡ.

ಸ್ಟ್ಯಾಂಡಿನ ಎದುರು ಇಳಿದಾಗ ಮೂರೂವರೆ. ಝರೆಪ್ಪ ಬೆಂಚಿನ ಮೇಲೆ ಇದ್ದ. ಫೋನನ್ನು ಗೀರು ಬೀಳದಂತೆ ಕೆಂಪು ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಗನನ್ನು ಕಂಡು ಅವನ ಮುಖ ಅರಳಿತು, ಎದ್ದು ಬೆಂಚನ್ನು ಕೈಯಿಂದ ಒರೆಸಿದ, ನಸೀರನ ಕಡೆಗೆ ಎರಡು ಬೆರಳು ತೋರಿಸಿದ. ಎರಡು ಚಹಾ.

“ಅಪ್ಪಾ,” ರತ್ನದೀಪ ಅವನ ಕೈ ಹಿಡಿದುಕೊಂಡ. “ನಿಂದೇನೂ ತಪ್ಪಿಲ್ಲ. ಫೋನ್ ತಪ್ಪು ಮಾಡ್ಯದ. ನಿನ್ನ ದನಿ ಇತ್ತು, ಅದೇ ತಗದ್ ಒಗೀತಿತ್ತು. ನಾ ತಿಳ್ಕೊಳ್ಳಲಿಲ್ಲ. ಮಾತಾಡಪ್ಪಾ. ಒಂದ್ ಮಾತು.”

ಝರೆಪ್ಪ ಮಗನ ಮುಖವನ್ನು ಕರುಣೆಯಿಂದ ನೋಡಿದ. ಮಕ್ಕಳು ಸಮಾಧಾನಕ್ಕೆ ಹೇಳುವ ಸುಳ್ಳನ್ನು ದೊಡ್ಡವರು ಹಾಗೆಯೇ ನೋಡುತ್ತಾರೆ. ತಲೆ ಅಲ್ಲಾಡಿಸಿದ. ಮಡಿಲಿನ ಕೆಂಪು ಗಂಟನ್ನು ಮೆಲ್ಲಗೆ ತಟ್ಟಿ, ಹೆಬ್ಬೆಟ್ಟು ಎತ್ತಿ ತೋರಿಸಿದ. ಇದರ ಮಾತೇ ಖರೇ ಎಂಬಂತೆ.

ನಸೀರ್ ಚಹಾ ತಂದಿಟ್ಟು ಅಲ್ಲೇ ನಿಂತ. “ಭಾಳ ದಿನ ಆತು ಬೇಟಾ, ಮಾತು ಬಿಟ್ಟು. ಮೊದ್ಲ ನನ್ನ ಮುಂದ ಬಡಬಡಾ ಅಂತಿದ್ದ. ನನಗ ಕೇಳ್ತದೋ ಝರೆಪ್ಪಾ ಅಂದ್ರ ಒಪ್ಪಲಿಲ್ಲ. ಏನಂದ ಗೊತ್ತದೇನು? ಸವಾ ಲಾಖಿನ ಕಿವಿಗೇ ಕೇಳವಲ್ದು, ನಿನ್ನ ಕಿವಿಗಿ ಹ್ಯಾಂಗ ಕೇಳ್ತದೋ ನಸೀರ್? ದೋಸ್ತಿಗಿ ಸುಳ್ಳ ಹೇಳಬ್ಯಾಡ ಅಂದ. ಅದೇ ಕಡೀ ಮಾತು. ದ್ರೌಪತಿಬಾಯಿಗೂ ಹಿಂಗೇ ಅಂದಾನಂತ.”

ರತ್ನದೀಪ ಚಹಾದ ಗ್ಲಾಸು ಬದಿಗಿಟ್ಟ. ಇಡೀ ಊರಲ್ಲಿ ಇಬ್ಬರು ಅಪ್ಪನನ್ನು ಕೇಳಿಸಿಕೊಳ್ಳುತ್ತಿದ್ದರು. ಆ ಇಬ್ಬರನ್ನೂ ಸುಳ್ಳುಗಾರರನ್ನಾಗಿ ಮಾಡಿದ್ದು ಯಾರು ಎಂದು ಅವನಿಗೆ ಗೊತ್ತಿತ್ತು. ಕೆಂಪು ಗಂಟು ಬಿಚ್ಚಿ, ಈ ಫೋನಿನಲ್ಲೂ ಆ ಗುಂಡಿ ಬಂದ್ ಮಾಡಿದ. ಬೈದಾದರೂ ಸರಿ, ಅತ್ತಾದರೂ ಸರಿ, ಮಾತಾಡಿಸಬೇಕೆಂದು ಅಪ್ಪನ ಎರಡೂ ಭುಜ ಹಿಡಿದ. “ನನ್ನ ಸಲುವಾಗಿ, ಒಮ್ಮೆ,” ಎಂದ.

ಝರೆಪ್ಪ ಪ್ರಯತ್ನ ಮಾಡಲಿಲ್ಲ ಎನ್ನುವಂತಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತ. ತುಟಿ ದುಂಡಗಾದವು, ಕುತ್ತಿಗೆಯ ನರಗಳು ಉಬ್ಬಿದವು, ಹಳೇ ಕೂಗು ಎದೆಯಿಂದ ಏಳುವ ಹಾಗೆ ಎದೆ ಏರಿತು. ಕೆಮ್ಮು ಬಂತು. ನಸೀರ್ ಓಡಿಬಂದು ನೀರು ಕುಡಿಸಿದ.

ಎದುರಿಗೆ ಕೂತರೆ ಸ್ಟ್ಯಾಂಡಿನ ಸದ್ದಿನಲ್ಲಿ ತನಗೆ ಕೇಳುತ್ತಿಲ್ಲವೇನೋ ಎಂದುಕೊಂಡ ರತ್ನದೀಪ. ಮುಳುಗುವವನಿಗೆ ಹುಲ್ಲುಕಡ್ಡಿ. ಒಂದು ವರ್ಷ ಅಪ್ಪನ ದನಿ ಅವನಿಗೆ ಸಿಕ್ಕಿದ್ದು ಫೋನಿನಲ್ಲೇ ಅಲ್ಲವೆ? “ಅಪ್ಪಾ, ನಾಲ್ಕಾಗಾಕತ್ತದ. ನಾ ಆ ಕಡಿ ಹೋಗ್ತೀನಿ, ನೀ ದಿನಾ ಹಚ್ಚತಿದ್ದಲ್ಲ, ಹಂಗ ಹಚ್ಚು,” ಎಂದು ಹೇಳಿ, ಕ್ರೂಸರ್ ಸಾಲು ದಾಟಿ ರಸ್ತೆಯ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತ.

ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಎತ್ತಿ ಕಿವಿಗೆ ಒತ್ತಿಕೊಂಡ.

ಎಲ್ಲ ಕೇಳಿತು. ಕಲಬುರಗಿ ಬಸ್ಸಿನ ಹಾರ್ನು ಕೇಳಿತು, ಕಂಡಕ್ಟರನ ಸೀಟಿ ಕೇಳಿತು, ನಸೀರನ ಗ್ಲಾಸುಗಳು ಬಕೀಟಿನಲ್ಲಿ ಒಂದಕ್ಕೊಂದು ತಾಗುವುದು ಕೇಳಿತು. ಯಾರೋ ಹೆಂಗಸು ಮಂಠಾಳದ ಗಾಡಿ ಯಾವುದೆಂದು ವಿಚಾರಿಸಿದ್ದು ಕೇಳಿತು. ಅದೆಷ್ಟು ಒಳ್ಳೆಯ ಫೋನೆಂದರೆ ಬೆಂಚಿನ ಮುರಿದ ಕಾಲು ಕಿರುಗುಟ್ಟಿದ್ದೂ ಕೇಳಿತು. ಅಷ್ಟೆಲ್ಲದರ ನಡುವೆ ಅವನು ಉಸಿರು ಬಿಗಿಹಿಡಿದು ಹುಡುಕಿದ.

“ಸೀಟ್ ಅವೇನ್ರಿ?” ಎಂದು ತಾನೇ ಕೇಳಿದ. “ಒಂದು ನನಗ ಹಿಡೀರಿ.”

ಹಾರ್ನು. ಸೀಟಿ. ಗ್ಲಾಸು. ಸ್ವಲ್ಪ ಹೊತ್ತಿಗೆ ಲೈನು ಕಟ್ಟಾಯಿತು. ಗಾಡಿಗಳ ಸಂದಿಯಿಂದ ಅಪ್ಪ ಫೋನಿನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಗಾಜಿನ ಮೇಲೆ ಏನೋ ಹುಡುಕುವುದು ಕಾಣಿಸಿತು.

ರತ್ನದೀಪನ ಕೈಯಲ್ಲಿ ಫೋನು ಒಮ್ಮೆ ನಡುಗಿತು. ಹೆಬ್ಬೆಟ್ಟು ಬಂದಿತ್ತು.